ಗಾಳಿ ಬಂದಾಗ ತೂರಲು ಕಣದಲ್ಲಿ ರಾಶಿ ಇರಬೇಕು

ಮಗು,

ಕತ್ರಿಗುಪ್ಪೆಯಲ್ಲಿ ನೀನು ಹಳೇ ಲ್ಯಾಪ್‌ಟಾಪ್, ಮೊಬೈಲ್‌ಗಳ ಅಂಗಡಿ ಇಟ್ಟಿದ್ದು ನನಗೆ ಮನಸಾರೆ ಸಂತೋಷ ಕೊಟ್ಟ ವಿಷಯ. ಹೊಸದು ಕೊಳ್ಳಲು ಶಕ್ತಿಯಿಲ್ಲದ ಮನೆಯ ಮಕ್ಕಳಿಗೆ ಓದಿಗೊಂದು ಯಂತ್ರ ಸಿಗುವುದು ನಿನ್ನಂಥವರ ಅಂಗಡಿಯಲ್ಲೇ. ಆದರೆ ಈಚೆಗೆ ನೀನು ಹೇಳುತ್ತಿರುವ ಒಂದು ಯೋಚನೆ ನನಗೆ ಹಿಡಿಸಿಲ್ಲ. ತೈವಾನಿನಲ್ಲೋ ಜಪಾನಿನಲ್ಲೋ ಭೂಕಂಪವಾದ ಸುದ್ದಿ ಬಂದ ಕೂಡಲೇ ಚೀಟಿ ಎತ್ತಿ, ಸಾಲದಿದ್ದರೆ ಅಮ್ಮನ ಬಳೆ ಅಡವಿಟ್ಟು, ರ‍್ಯಾಮ್, ಹಾರ್ಡ್‌ಡಿಸ್ಕ್ ಕೂಡಿಹಾಕುತ್ತೇನೆ, ದರ ಏರಿದಾಗ ಮಾರುತ್ತೇನೆ ಎನ್ನುತ್ತೀಯ. "ಗಾಳಿ ಬಂದಾಗ ತೂರಿಕೋ ಅಂತ ಗಾದೆಯೇ ಇದೆಯಲ್ಲ, ದೊಡ್ಡಪ್ಪ" ಎಂದೂ ವಾದಿಸುತ್ತೀಯ.

ಗಾದೆ ಸುಳ್ಳಲ್ಲ. ಆದರೆ ತೂರಬೇಕಾದರೆ ಕಣದಲ್ಲಿ ಮೊದಲೇ ರಾಶಿ ಇರಬೇಕು. ಗಾಳಿ ಎದ್ದ ಮೇಲೆ ಸಾಲ ಮಾಡಿ ಕಾಳು ತರಲು ಹೊರಟವನು ಹಿಂತಿರುಗುವಷ್ಟರಲ್ಲಿ ಗಾಳಿ ನಿಂತಿರುತ್ತದೆ. ನಾನು ಮೈಸೂರು ರಸ್ತೆಯ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ಬಿಡಿಭಾಗಗಳ ಕೊಟೇಶನ್ ಓದುತ್ತಾ ಆಯುಷ್ಯ ಕಳೆದವನು. ಆ ಅನುಭವದಿಂದ ಹೇಳುತ್ತೇನೆ, ಸ್ವಲ್ಪ ಸಮಾಧಾನದಿಂದ ಕೇಳು.

ನೀನು ಪದೇ ಪದೇ ಎತ್ತಿ ಹೇಳುವುದು 2011ರ ಥಾಯ್ಲೆಂಡ್ ಪ್ರವಾಹದ ಕಥೆಯನ್ನು. ಅದನ್ನು ಪೂರ್ತಿಯಾಗಿ ತಿಳಿದುಕೋ. ಆ ವರ್ಷದ ಅಕ್ಟೋಬರಿನಲ್ಲಿ ಬ್ಯಾಂಕಾಕಿನ ಉತ್ತರಕ್ಕಿರುವ ಅಯುತ್ತಾಯ ಪ್ರಾಂತ್ಯದ ಕೈಗಾರಿಕಾ ವಸಾಹತುಗಳು ಒಂದರ ಹಿಂದೊಂದು ಮುಳುಗಿದವು. ಬಾಂಗ್ ಪಾ-ಇನ್‌ನಲ್ಲಿದ್ದ ವೆಸ್ಟರ್ನ್ ಡಿಜಿಟಲ್ ಕಾರ್ಖಾನೆಯೊಳಗೆ ಆಳೆತ್ತರದ ನೀರು. ಮುಳುಗುಗಾರರನ್ನು ಇಳಿಸಿ ಯಂತ್ರಗಳನ್ನು ಮೇಲೆತ್ತಬೇಕಾಯಿತು. ಜಗತ್ತಿನ ಹಾರ್ಡ್‌ಡಿಸ್ಕ್‌ಗಳಲ್ಲಿ ಸುಮಾರು ಶೇ. 40 ಆಗ ತಯಾರಾಗುತ್ತಿದ್ದುದು ಆ ಒಂದೇ ದೇಶದಲ್ಲಿ. ಡಿಸ್ಕ್ ತಿರುಗಿಸುವ ಪುಟ್ಟ ಮೋಟಾರುಗಳಲ್ಲಿ ಬಹುಪಾಲನ್ನು ಮಾಡುವ ಜಪಾನಿನ ನಿಡೆಕ್ ಕಂಪನಿಯ ಘಟಕಗಳಿಗೂ ನೀರು ನುಗ್ಗಿತ್ತು. ಹಾಗಾಗಿ ಒದ್ದೆಯಾಗದ ಸೀಗೇಟ್ ಕಾರ್ಖಾನೆಗೂ ಬಿಡಿಭಾಗದ ಬರ ತಟ್ಟಿತು. ನಿಕಾನ್, ಸೋನಿ ಕಂಪನಿಗಳ ಕ್ಯಾಮೆರಾ ಘಟಕಗಳು ಕೂಡ ಅದೇ ಪ್ರಾಂತ್ಯದಲ್ಲಿ ಮುಳುಗಿದವು. ಎಂಟುನೂರಕ್ಕೂ ಹೆಚ್ಚು ಜನ ಸತ್ತರು. ಆ ಸಂಖ್ಯೆಯನ್ನು ದರದ ಲೆಕ್ಕಕ್ಕಿಂತ ಮೊದಲು ನೆನಪಿಡು.

ಕೆಲವೇ ವಾರಗಳಲ್ಲಿ ಹಾರ್ಡ್‌ಡಿಸ್ಕ್ ದರ ಸುಮಾರು ದುಪ್ಪಟ್ಟಾಯಿತು. ನಮ್ಮ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲೂ ಬೆಳಗಿನ ದರ ಸಂಜೆಗೆ ಇರುತ್ತಿರಲಿಲ್ಲ. ಅಷ್ಟೇ ಅಲ್ಲ, ವರ್ಷದ ಕೊನೆಯ ಹೊತ್ತಿಗೆ ವಾರಂಟಿಯೂ ಕುಗ್ಗಿತು. ವೆಸ್ಟರ್ನ್ ಡಿಜಿಟಲ್ ಕೆಲವು ಮಾದರಿಗಳಿಗೆ 3 ವರ್ಷವಿದ್ದದ್ದನ್ನು 2ಕ್ಕೆ, ಸೀಗೇಟ್ ಕೆಲವಕ್ಕೆ 1 ವರ್ಷಕ್ಕೆ ಇಳಿಸಿದವು. ಗ್ರಾಹಕ ಹೆಚ್ಚು ದುಡ್ಡು ಕೊಟ್ಟು ಕಡಿಮೆ ಭರವಸೆ ಕೊಂಡ.

ಆಗ ಲಾಭವಾದದ್ದು ಯಾರಿಗೆ ಗೊತ್ತೇ? ಮಳೆಗಾಲಕ್ಕೆ ಮುಂಚೆಯೇ ಹಳೇ ದರದಲ್ಲಿ ಸರಕು ತುಂಬಿಟ್ಟಿದ್ದ ದೊಡ್ಡ ವಿತರಕರಿಗೆ, ನೀರು ನುಗ್ಗದ ಕಾರ್ಖಾನೆಯಿದ್ದ ತಯಾರಕರಿಗೆ. ದರ ನೆತ್ತಿಗೇರಿದ ನವೆಂಬರಿನಲ್ಲಿ ಕೊಂಡು ಇನ್ನೂ ಏರುತ್ತದೆ ಎಂದು ಕಾದ ಸಣ್ಣ ವ್ಯಾಪಾರಿಗೆ ಮುಂದಿನ ವರ್ಷ ಸಿಕ್ಕಿದ್ದು ಇಳಿಯುವ ದರ. ವೆಸ್ಟರ್ನ್ ಡಿಜಿಟಲ್ ನವೆಂಬರ್ ಕೊನೆಗೇ ಆ ಘಟಕದಲ್ಲಿ ಮತ್ತೆ ಕೆಲಸ ಶುರುಮಾಡಿತ್ತು. ಹಳೇ ದರ ಬರಲು ಬಹಳ ಕಾಲ ಹಿಡಿಯಿತು ನಿಜ. ಆದರೆ ಅದಕ್ಕೆ ನೀರೊಂದೇ ಕಾರಣವಲ್ಲ. ಅದೇ ಸಮಯದಲ್ಲಿ ಸೀಗೇಟ್ ಸ್ಯಾಮ್‌ಸಂಗ್‌ನ ಹಾರ್ಡ್‌ಡಿಸ್ಕ್ ವಿಭಾಗವನ್ನೂ, ವೆಸ್ಟರ್ನ್ ಡಿಜಿಟಲ್ ಹಿಟಾಚಿಯ ವಿಭಾಗವನ್ನೂ ಕೊಂಡು ಪೈಪೋಟಿ ಕಡಿಮೆಯಾಗಿತ್ತು. ಅತ್ತ ಎಸ್‌ಎಸ್‌ಡಿ ಅಗ್ಗವಾಗುತ್ತಾ ಬಂದು ಹಾರ್ಡ್‌ಡಿಸ್ಕನ್ನೇ ಮೂಲೆಗೆ ತಳ್ಳಿತು. ಇದನ್ನು ಗಟ್ಟಿಯಾಗಿ ಹಿಡಿದುಕೋ: ಅಕ್ಕಿ ಕೂಡಿಟ್ಟರೆ ಬರುವ ವರ್ಷವೂ ಉಣ್ಣಬಹುದು. ಎಲೆಕ್ಟ್ರಾನಿಕ್ ಸರಕು ಕಪಾಟಿನಲ್ಲಿ ಕೂತಲ್ಲೇ ಹಳತಾಗುತ್ತದೆ. ಅದು ಸರಕೇ ಹೊರತು ಆಸ್ತಿಯಲ್ಲ.

ಇನ್ನು ಬೇರೊಂದು ಬಗೆಯ ದುರಂತ ನೋಡು. 1999ರ ಸೆಪ್ಟೆಂಬರ್ 21ರಂದು ತೈವಾನಿನಲ್ಲಿ ದೊಡ್ಡ ಭೂಕಂಪವಾಗಿ ಎರಡು ಸಾವಿರಕ್ಕೂ ಹೆಚ್ಚು ಜನ ತೀರಿಕೊಂಡರು. ವಿದ್ಯುತ್ ಕೈಕೊಟ್ಟು ಷಿಂಚುವಿನ ಚಿಪ್ ಕಾರ್ಖಾನೆಗಳು ನಿಂತವು, ರ‍್ಯಾಮ್ ದರ ಜಿಗಿಯಿತು. ಆದರೆ ಕಟ್ಟಡಗಳು ಗಟ್ಟಿಯಾಗಿದ್ದವು. ಕೆಲವೇ ವಾರಗಳಲ್ಲಿ ಕೆಲಸ ಮೊದಲಿನ ಹಾದಿಗೆ ಬಂತು. 25 ವರ್ಷಗಳ ನಂತರ, 2024ರ ಏಪ್ರಿಲ್ 3ರಂದು ಹ್ವಾಲಿಯೆನ್ ಕರಾವಳಿಯಲ್ಲಿ ಮತ್ತೆ ಭಾರೀ ಭೂಕಂಪ. ಅಲ್ಲಿನ ಚಿಪ್ ತಯಾರಕ ಟಿಎಸ್‌ಎಂಸಿ ತನ್ನ ಜನರನ್ನು ಹೊರಗೆ ಕಳಿಸಿತು. ಹತ್ತು ಗಂಟೆಯೊಳಗೆ ಶೇ. 70ಕ್ಕೂ ಹೆಚ್ಚು ಯಂತ್ರಗಳನ್ನು ಮತ್ತೆ ಸರಿಮಾಡಿಕೊಂಡಿತು. ಆ ದಿನ ಸುದ್ದಿ ನೋಡಿ ಸಾಲ ಮಾಡಿ ಸರಕು ಕೊಂಡವನಿಗೆ ಬಡ್ಡಿ ಕಟ್ಟಿದ್ದಷ್ಟೇ ಬಂತು.

ನಮ್ಮ ಪಕ್ಕದಲ್ಲೇ ಇನ್ನೊಂದು ಉದಾಹರಣೆಯಿದೆ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಚೆನ್ನೈಯನ್ನು ಮುಳುಗಿಸಿದಾಗ ಅಲ್ಲಿನ ಫಾಕ್ಸ್‌ಕಾನ್, ಪೆಗಾಟ್ರಾನ್ ಘಟಕಗಳಲ್ಲಿ ಐಫೋನ್ ಜೋಡಣೆ ನಿಂತಿತು. ಸ್ವಲ್ಪ ದಿನದಲ್ಲೇ ಮತ್ತೆ ಶುರುವಾಯಿತು. ಐಫೋನ್ ದರ ಏರುತ್ತದೆ ಎಂದು ಆ ವಾರ ಬೆಂಗಳೂರಿನಲ್ಲಿ ಫೋನ್ ಕೂಡಿಟ್ಟವನಿಗೆ ಸಿಕ್ಕಿದ್ದೇನೂ ಇಲ್ಲ.

ಹಾಗಾದರೆ ಸುದ್ದಿ ಬಂದಾಗ ಏನು ಮಾಡಬೇಕು? ಖರೀದಿ ವಿಭಾಗದಲ್ಲಿ ನಾವು ನಾಲ್ಕು ಪ್ರಶ್ನೆ ಕೇಳಿಕೊಳ್ಳುತ್ತಿದ್ದೆವು. ಕೆಟ್ಟದ್ದು ಏನು, ಬರೀ ವಿದ್ಯುತ್ತೋ ಅಥವಾ ಯಂತ್ರವೋ? ವಿದ್ಯುತ್ ದಿನದಲ್ಲಿ ಬರುತ್ತದೆ, ನೀರಿನಲ್ಲಿ ನೆನೆದ ಯಂತ್ರ ತಿಂಗಳುಗಳನ್ನೇ ತಿನ್ನುತ್ತದೆ. ಆ ಭಾಗ ಬೇರೆಲ್ಲಾದರೂ ತಯಾರಾಗುತ್ತದೆಯೇ? ಥಾಯ್ಲೆಂಡಿನ ಹೊಡೆತ ಅಷ್ಟು ಜೋರಾಗಿದ್ದು ಎಲ್ಲವೂ ಒಂದೇ ಬಯಲಿನಲ್ಲಿ ಗುಂಪಾಗಿದ್ದರಿಂದ. ಗೋದಾಮುಗಳಲ್ಲಿ ಎಷ್ಟು ವಾರದ ಸರಕಿದೆ? ಇವತ್ತು ಕಾರ್ಖಾನೆ ನಿಂತರೂ ಅಂಗಡಿಯ ಕಪಾಟು ಇವತ್ತೇ ಬರಿದಾಗುವುದಿಲ್ಲ. ಒಂದು ಚಿಪ್ ಸಿಲಿಕಾನ್ ಬಿಲ್ಲೆಯಿಂದ ಹೊರಬರಲು ಎರಡು ಮೂರು ತಿಂಗಳು ಬೇಕು. ಹಾಗಾಗಿ ನಿಜವಾದ ಕೊರತೆ ಕಾಣುವುದು ಸುದ್ದಿ ತಣ್ಣಗಾದ ಮೇಲೆ. ಕೊನೆಯ ಪ್ರಶ್ನೆ, ಜನಕ್ಕೆ ಆ ವಸ್ತು ಈಗಲೇ ಬೇಕೇ, ಕಾಯಬಲ್ಲರೇ? ಆನ್‌ಲೈನ್ ಪಾಠ ಶುರುವಾದ 2020ರಲ್ಲಿ ಹಳೇ ಲ್ಯಾಪ್‌ಟಾಪಿಗೂ ಬೇಡಿಕೆ ಬಂದದ್ದು ಮಕ್ಕಳಿಗೆ ಕಾಯಲು ಆಗದಿದ್ದುದರಿಂದ.

ಈ ನಾಲ್ಕಕ್ಕೂ ಉತ್ತರ ಗೊತ್ತಿಲ್ಲದೆ ಮಾಡುವ ಖರೀದಿ ವ್ಯಾಪಾರವಲ್ಲ, ಜೂಜು. ಉತ್ತರ ಗೊತ್ತಿದ್ದರೂ ಸಾಲದ ದುಡ್ಡಿನಲ್ಲಿ ಮಾಡಬೇಡ. ನಿನ್ನ ಬಳಿ ತಿಂಗಳಿಗೆ ಮಾರಾಟವಾಗುವ ರ‍್ಯಾಮ್, ಎಸ್‌ಎಸ್‌ಡಿ, ಬ್ಯಾಟರಿ, ಚಾರ್ಜರ್ ಎಷ್ಟೋ ಅದರ ಎರಡರಷ್ಟು ಸರಕನ್ನು ಶಾಂತ ಕಾಲದಲ್ಲಿ ಸ್ವಂತ ದುಡ್ಡಿನಿಂದ ತುಂಬಿಡು. ದೂರದಲ್ಲಿ ಏನೇ ಆದರೂ ನಿನ್ನ ಗಿರಾಕಿ ಬರಿಗೈಲಿ ಹೋಗುವುದಿಲ್ಲ. ಕಣದಲ್ಲಿ ರಾಶಿ ಇರಬೇಕು ಎಂದದ್ದು ಇದನ್ನೇ.

ಈಗ ನಿನ್ನ ಅಂಗಡಿಯ ಮಾತು. ದೂರದ ಪ್ರವಾಹದಿಂದ ದುಡಿಯುವ ಲೆಕ್ಕ ಹಾಕುವ ನೀನು ನಮ್ಮ ಬೀದಿಗೆ ನೀರು ಬಂದರೆ ಏನು ಗತಿ ಎಂದು ಯೋಚಿಸಿದ್ದೀಯಾ? 2020ರ ಅಕ್ಟೋಬರ್ 23ರ ಸಂಜೆಯ ಮಳೆಗೆ ನಮ್ಮಿಂದ ನಡೆದು ಹೋಗುವಷ್ಟು ದೂರದ ಹೊಸಕೆರೆಹಳ್ಳಿಯಲ್ಲಿ ರಾಜಕಾಲುವೆ ಉಕ್ಕಿ, ದತ್ತಾತ್ರೇಯ ನಗರದ ಮನೆಗಳಿಗೆ ನೀರು ನುಗ್ಗಿತು. ತುಂಬಿದ ನೀರಿನಲ್ಲಿ ಹಸುಗೂಸೊಂದನ್ನು ಎತ್ತಿ ಪಾರು ಮಾಡಿದ ಯುವಕನ ವಿಡಿಯೊ ನಾಡೆಲ್ಲ ನೋಡಿತು. ಆ ರಾತ್ರಿ ಎಷ್ಟು ಮನೆಗಳ ಟಿವಿ, ಫ್ರಿಜ್, ವಾಷಿಂಗ್ ಮೆಷಿನ್, ಮಕ್ಕಳ ಕಂಪ್ಯೂಟರ್ ಕೆಸರಾದವು ಎಂದು ಆ ಬಡಾವಣೆಯವರನ್ನು ಕೇಳು. ನಿನ್ನ ಅಂಗಡಿಯ ಹಿಂದಿನ ಗೋಡೌನು ರಸ್ತೆ ಮಟ್ಟಕ್ಕಿಂತ ಕೆಳಗಿದೆ. ಅಲ್ಲಿ ನೆಲದ ಮೇಲೆ ಒಂದು ವಸ್ತುವೂ ಇರಕೂಡದು. ಕನಿಷ್ಠ ಸೊಂಟದೆತ್ತರಕ್ಕೆ ಕಬ್ಬಿಣದ ರ‍್ಯಾಕ್ ಹಾಕಿಸು. ಗಿರಾಕಿಗಳು ರಿಪೇರಿಗೆ ಬಿಟ್ಟ ಯಂತ್ರಗಳು ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿರಲಿ, ಅವು ನಿನ್ನವಲ್ಲ.

ನೀರು ಬಂದೇ ಬಿಟ್ಟರೆ ಮೊದಲು ಜೀವ, ಆಮೇಲೆ ಸರಕು. 2025ರ ಮೇ ತಿಂಗಳ ಮಳೆಯಲ್ಲಿ ಬಿಟಿಎಂ ಬಡಾವಣೆಯ ಅಪಾರ್ಟ್‌ಮೆಂಟ್ ಒಂದರ ನೆಲಮಾಳಿಗೆಯ ನೀರನ್ನು ಪಂಪಿನಿಂದ ಹೊರಹಾಕುವಾಗ ವಿದ್ಯುತ್ ತಗುಲಿ ಒಬ್ಬ ಹಿರಿಯರೂ ಒಬ್ಬ ಬಾಲಕನೂ ತೀರಿಕೊಂಡರು. ನೀರಿನಲ್ಲಿ ಕಾಲಿಟ್ಟುಕೊಂಡು ಮೇನ್ ಸ್ವಿಚ್ ಮುಟ್ಟಬೇಡ. ಒಣ ಜಾಗದಲ್ಲಿ ನಿಂತು ತೆಗೆಯಲು ಆಗದಿದ್ದರೆ ಬೆಸ್ಕಾಂಗೆ ಫೋನ್ ಮಾಡಿ ಲೈನ್ ತೆಗೆಸು. ನೆನೆದ ಲ್ಯಾಪ್‌ಟಾಪನ್ನು, ಮೊಬೈಲನ್ನು ಬದುಕಿದೆಯೇ ನೋಡೋಣ ಎಂದು ಚಾರ್ಜಿಗೆ ಹಾಕಬೇಡ. ನೀರು ಕುಡಿದ ಲಿಥಿಯಂ ಬ್ಯಾಟರಿ ದಿನಗಳ ನಂತರವೂ ಹೊತ್ತಿಕೊಳ್ಳಬಹುದು. ಕೆಟ್ಟದ್ದನ್ನು ಗುಜರಿಯವನಿಗೆ ಕೊಟ್ಟು ಕೈತೊಳೆದುಕೊಳ್ಳದೆ, ಅಧಿಕೃತ ಇ-ತ್ಯಾಜ್ಯ ಘಟಕಕ್ಕೆ ಕಳಿಸು.

ವಿಮೆಯ ವಿಷಯ ನೀನು ಮುಂದಕ್ಕೆ ಹಾಕುತ್ತಲೇ ಬಂದಿದ್ದೀಯ. 2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರವು ಎಲ್ಲ ಕಂಪನಿಗಳಿಗೂ ಒಂದೇ ಮಾದರಿಯ ಪಾಲಿಸಿಗಳನ್ನು ಗೊತ್ತುಮಾಡಿದೆ. ಮನೆಗೆ 'ಭಾರತ್ ಗೃಹ ರಕ್ಷಾ', ಆಸ್ತಿಯ ಬೆಲೆ 5 ಕೋಟಿ ರೂಪಾಯಿವರೆಗಿನ ಸಣ್ಣ ಉದ್ಯಮಕ್ಕೆ 'ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ'. ಬೆಂಕಿಯ ಜೊತೆಗೆ ಪ್ರವಾಹ, ಬಿರುಗಾಳಿ, ಭೂಕಂಪಗಳೂ ಇವುಗಳಲ್ಲಿ ಸೇರಿವೆ. ನಿನ್ನ ಸರಕಿನ ನಿಜವಾದ ಬೆಲೆಗೆ ಪಾಲಿಸಿ ಮಾಡಿಸು. ಪ್ರೀಮಿಯಂ ಉಳಿಸಲು ಅರ್ಧ ಬೆಲೆ ಬರೆಸಬೇಡ. ರಿಪೇರಿಗೆ ಬಂದ ಬೇರೆಯವರ ಯಂತ್ರಗಳನ್ನು ಪಾಲಿಸಿಯಲ್ಲಿ ಪ್ರತ್ಯೇಕವಾಗಿ ಬರೆಸು. ದಾಸ್ತಾನು ಪುಸ್ತಕ, ಖರೀದಿ ಬಿಲ್ಲು, ಅಂಗಡಿಯ ಫೋಟೊ, ಇವುಗಳ ಪ್ರತಿ ಮನೆಯಲ್ಲೂ ಇರಲಿ, ಇಂಟರ್ನೆಟ್ಟಿನಲ್ಲೂ ಇರಲಿ. ಲೆಕ್ಕ ನೀರಿನಲ್ಲಿ ಹೋದರೆ ಕ್ಲೇಮೂ ಅದರ ಜೊತೆಗೇ ಹೋಗುತ್ತದೆ.

ಹಳೇ ಸಾಮಾನಿನ ವ್ಯಾಪಾರದಲ್ಲಿ ಪ್ರವಾಹ ಇನ್ನೊಂದು ಬಾಗಿಲಿನಿಂದಲೂ ಬರುತ್ತದೆ. ಎಲ್ಲೇ ಊರು ಮುಳುಗಲಿ, ಕೆಲವು ವಾರಗಳಲ್ಲಿ ಅಲ್ಲಿನ ನೆನೆದ ಸಾಮಾನು ಒರೆಸಿ, ಹೊಳಪು ಕೊಟ್ಟು ಅಗ್ಗದ ಲಾಟ್ ಎಂಬ ಹೆಸರಿನಲ್ಲಿ ಬೇರೆ ಊರಿನ ಮಾರುಕಟ್ಟೆ ಸೇರುತ್ತದೆ. ಅಂಥ ಲಾಟ್ ನಿನ್ನ ಬಾಗಿಲಿಗೂ ಬಂದೀತು. ಮಾರುಕಟ್ಟೆ ದರಕ್ಕಿಂತ ತೀರಾ ಕಡಿಮೆ ಹೇಳಿದರೆ ಅಲ್ಲೇ ನಿಂತುಕೋ. ಸಿಮ್ ಟ್ರೇ ತೆಗೆದು ಟಾರ್ಚ್ ಬಿಟ್ಟು ನೋಡು. ಬಹಳಷ್ಟು ಫೋನುಗಳೊಳಗೆ ನೀರು ತಾಗಿದರೆ ಬಿಳಿಯಿಂದ ಕೆಂಪಾಗುವ ಪುಟ್ಟ ಸ್ಟಿಕ್ಕರ್ ಇರುತ್ತದೆ. ಚಾರ್ಜಿಂಗ್ ತೂತಿನಲ್ಲಿ ಹಸಿರು ಕಿಲುಬು, ಕ್ಯಾಮೆರಾ ಗಾಜಿನ ಒಳಗೆ ಮಬ್ಬು, ಲ್ಯಾಪ್‌ಟಾಪಿನ ಸ್ಕ್ರೂ ತಲೆಯ ಮೇಲೆ ತುಕ್ಕು, ಫ್ಯಾನಿನ ಸಂದಿಯಲ್ಲಿ ಒಣಗಿದ ಕೆಸರಿನ ಪುಡಿ ಕಂಡರೆ ಬೇಡ ಎನ್ನು. ನೀರು ತಾಗಿದ ಬೋರ್ಡು ಇವತ್ತು ಚೆನ್ನಾಗೇ ಓಡುತ್ತದೆ. ತುಕ್ಕು ಒಳಗೊಳಗೇ ಹರಡಿ ಮೂರು ತಿಂಗಳಿಗೆ ಕೈಕೊಡುತ್ತದೆ. ಆಗ ನಿನ್ನ ಬಾಗಿಲಿಗೆ ಬರುವವನು ಲಾಟ್ ಮಾರಿದವನಲ್ಲ, ನಿನ್ನ ಗಿರಾಕಿ.

ವಾಟರ್‌ಪ್ರೂಫ್ ಎಂದು ಬರೆದಿದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳಬೇಡ. ಐಪಿ68 ಎಂಬ ಗುರುತು ಸಿಹಿನೀರಿನಲ್ಲಿ, ಗೊತ್ತಾದ ಆಳದಲ್ಲಿ, ಗೊತ್ತಾದ ಹೊತ್ತು ಮಾಡಿದ ಪರೀಕ್ಷೆಯದ್ದು. ರಾಜಕಾಲುವೆಯ ಕೊಳಚೆಗೆ ಆ ಮಾತು ಅನ್ವಯಿಸುವುದಿಲ್ಲ. ಸಾಮಾನ್ಯ ವಾರಂಟಿಯಲ್ಲಿ ನೀರಿನ ಹಾನಿ ಸೇರುವುದೂ ಇಲ್ಲ.

ಗಲಾಟೆಯ ಕಾಲದಲ್ಲಿ ಕಳವಿನ ಮಾಲೂ ಕೈ ಬದಲಾಯಿಸುತ್ತದೆ. ಫೋನಿನಲ್ಲಿ *#06# ಒತ್ತಿದರೆ ಐಎಂಇಐ ಸಂಖ್ಯೆ ಬರುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಕೆ-ವೈ-ಎಂ ಎಂದು ಒಟ್ಟಿಗೆ ಬರೆದು, ಜಾಗ ಬಿಟ್ಟು ಆ ಸಂಖ್ಯೆ ಸೇರಿಸಿ 14422ಕ್ಕೆ ಎಸ್‌ಎಂಎಸ್ ಕಳಿಸಿದರೆ ದೂರಸಂಪರ್ಕ ಇಲಾಖೆಯ ವ್ಯವಸ್ಥೆ ಆ ಫೋನಿನ ಸ್ಥಿತಿ ತಿಳಿಸುತ್ತದೆ. ಮಾರುವವನ ಗುರುತಿನ ಚೀಟಿಯ ಪ್ರತಿ, ಹಳೇ ಬಿಲ್ಲು ಇಲ್ಲದೆ ಒಂದು ಫೋನನ್ನೂ ಕೊಳ್ಳಬೇಡ. ನೀನು ಮಾರುವಾಗ ಬಿಲ್ಲಿನ ಮೇಲೆ ಸ್ಥಿತಿಯನ್ನು ಬರೆದುಕೊಡು: ಬ್ಯಾಟರಿ ಬದಲಾಗಿದೆ, ಪರದೆ ಮೂಲದ್ದಲ್ಲ, ನೀರು ತಾಗಿದ ಗುರುತಿಲ್ಲ. ಬರೆದುಕೊಡಲು ಕೈ ಹಿಂಜರಿದರೆ ಆ ವಸ್ತು ಮಾರುವಂಥದ್ದಲ್ಲ ಎಂದೇ ಅರ್ಥ.

ಕೊನೆಯದು ಷೇರಿನ ವಿಚಾರ. ಭೂಕಂಪವಾದ ದಿನ ಚಿಪ್ ಕಂಪನಿಯ ಷೇರು ಇಳಿಯುತ್ತದೆ, ಆಗ ಕೊಂಡರೆ ಲಾಭ ಎಂದು ನಿನ್ನ ಗೆಳೆಯ ಹೇಳಿದನಂತೆ. ಸುದ್ದಿ ನಿನ್ನ ಫೋನಿಗೆ ಬರುವ ಹೊತ್ತಿಗೆ ಟೋಕಿಯೊದಲ್ಲಿ, ನ್ಯೂಯಾರ್ಕಿನಲ್ಲಿ ಅದನ್ನೇ ವೃತ್ತಿಯಾಗಿಸಿಕೊಂಡವರು ಕೊಂಡು ಮಾರಿ ಮುಗಿಸಿರುತ್ತಾರೆ. ಫ್ಯೂಚರ್ಸ್, ಆಪ್ಷನ್ಸ್ ಹತ್ತಿರವಂತೂ ಸುಳಿಯಬೇಡ. ಷೇರುಪೇಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರಿನಲ್ಲಿ ಹೊರತಂದ ಅಧ್ಯಯನದ ಪ್ರಕಾರ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಅದರಲ್ಲಿ ತೊಡಗಿದ ಒಂದು ಕೋಟಿಗೂ ಹೆಚ್ಚು ವೈಯಕ್ತಿಕ ವ್ಯವಹಾರಸ್ಥರಲ್ಲಿ ಶೇ. 93 ಮಂದಿ ನಷ್ಟ ಮಾಡಿಕೊಂಡಿದ್ದಾರೆ. ಅವರಲ್ಲಿ ನಿನಗಿಂತ ಬುದ್ಧಿವಂತರೂ ಸಾಕಷ್ಟು ಜನ ಇದ್ದಾರು. ದುಡ್ಡು ಹೂಡಬೇಕೆಂದರೆ ಮೊದಲು ಆರು ತಿಂಗಳ ಮನೆ ಖರ್ಚು, ಅಂಗಡಿ ಬಾಡಿಗೆ ಬ್ಯಾಂಕಿನಲ್ಲಿ ಎಫ್.ಡಿ. ಆಗಿರಲಿ. ಮಿಕ್ಕಿದ್ದರಲ್ಲಿ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ, ಹತ್ತಾರು ಉದ್ಯಮಗಳಿಗೆ ಹರಡಿದ ಮ್ಯೂಚುವಲ್ ಫಂಡಿಗೆ ಹಾಕು. ಒಂದು ಕಣಿವೆ ಮುಳುಗಿದರೆ ನಿನ್ನ ಉಳಿತಾಯವೂ ಮುಳುಗುವಂತೆ ಇಡಬೇಡ.

ಲಾಭ ಮಾಡಬೇಡ ಎಂದು ನಾನು ಹೇಳುತ್ತಿಲ್ಲ. ಶಾಂತ ಕಾಲದಲ್ಲಿ ಕೊಂಡ ಸರಕನ್ನು ಕೊರತೆಯ ಕಾಲದಲ್ಲಿ ನಾಲ್ಕು ಕಾಸು ಹೆಚ್ಚಿಗೆ ಮಾರಿದರೆ ತಪ್ಪಿಲ್ಲ, ಅದು ನೀನು ಮುಂದಾಲೋಚನೆಗೆ ಪಡೆವ ಕೂಲಿ. ಆದರೆ ಪರೀಕ್ಷೆ ಹತ್ತಿರವಿರುವ ಹುಡುಗಿಗೆ, ಮನೆಗೆ ನೀರು ನುಗ್ಗಿ ಎಲ್ಲ ಕಳೆದುಕೊಂಡು ಬಂದವರಿಗೆ ದುಪ್ಪಟ್ಟು ದರ ಹೇಳಬೇಡ. ಅಂಥವರಿಗೆ ಹಳೇ ದರಕ್ಕೇ ಕೊಡು, ಆಗದಿದ್ದರೆ ಕೆಲವು ದಿನಕ್ಕೆ ಒಂದು ಯಂತ್ರ ಎರವಲು ಕೊಡು. ಈ ಬಡಾವಣೆಯಲ್ಲಿ ಇಪ್ಪತ್ತು ವರ್ಷ ವ್ಯಾಪಾರ ಮಾಡಬೇಕಾದವನು ನೀನು. ಜನ ದರವನ್ನು ಮರೆಯುತ್ತಾರೆ, ಕಷ್ಟದಲ್ಲಿ ನಡೆದುಕೊಂಡ ರೀತಿಯನ್ನು ಮರೆಯುವುದಿಲ್ಲ.

ಮುಂದಿನ ಮುಂಗಾರಿಗೆ ಮೊದಲು ರ‍್ಯಾಕ್ ಹಾಕಿಸು, ಪಾಲಿಸಿ ಮಾಡಿಸು, ದಾಸ್ತಾನು ಪುಸ್ತಕ ಶುರುಮಾಡು. ಚೀಟಿಯ ದುಡ್ಡನ್ನು ಈ ಕೆಲಸಗಳಿಗೆ ಬಳಸಿದರೆ ನಾನು ಬೇಡ ಎನ್ನುವುದಿಲ್ಲ. ಪುಸ್ತಕ ಬರೆಯುವುದು ಬೇಸರವಾದರೆ ಭಾನುವಾರ ಬೆಳಿಗ್ಗೆ ಕರೆ, ನಾನು ಬಂದು ಜೊತೆಗೆ ಕೂರುತ್ತೇನೆ.